ಸುನ್ ಆಂಟಿಯ ನಡುಕಟ್ಟು

ನಮ್ಮ ಮನೆಯಲ್ಲಿ ಜಗಳಕ್ಕೆ ಸದ್ದಿರಲಿಲ್ಲ. ಪಪ್ಪ ಮಮ್ಮಿ ಕೂಗಾಡಿದ್ದನ್ನು ನಾನು ಕೇಳಿಯೇ ಇಲ್ಲ. ಅವರು ಮಾತು ಬಿಡುತ್ತಿದ್ದರು. ಮಸ್ಕತ್ತಿನ ಅಲ್ ಅಜೈಬಾದಲ್ಲಿ ಮೂರು ಮಹಡಿಯ ಕಟ್ಟಡ, ಅದರ ನೆಲಮಹಡಿಯಲ್ಲಿ ನಮ್ಮದು ಎರಡು ಕೋಣೆ, ಒಂದು ಹಾಲ್, ಒಂದು ಅಡುಗೆಮನೆ. ಮಾತು ಬಿಟ್ಟ ದಿನಗಳಲ್ಲಿ ಪಪ್ಪ ಹಾಲಿನ ಸೋಫಾದಲ್ಲಿ ಕೂರುತ್ತಿದ್ದರು, ಮಮ್ಮಿ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಡುವೆ ಹತ್ತು ಹೆಜ್ಜೆಯ ಪ್ಯಾಸೇಜು. ಆ ಪ್ಯಾಸೇಜು ನನ್ನದು. ಒಬ್ಬಳೇ ಮಗಳಾದ ನಾನು ಆ ಕಡೆಯ ಮಾತನ್ನು ಈ ಕಡೆಗೂ ಈ ಕಡೆಯದನ್ನು ಆ ಕಡೆಗೂ ಹೊತ್ತು ತಿರುಗುತ್ತಿದ್ದೆ. ಮನೆಮಾತು ಕೊಂಕಣಿ. ಆದರೆ ನೆನಪಿನಲ್ಲಿ ಆ ಮಾತುಗಳೆಲ್ಲ ಈಗ ಉಡುಪಿಯ ಕಡೆಯ ಕನ್ನಡದಲ್ಲೇ ಕೇಳಿಸುತ್ತವೆ, ಹಾಗೆಯೇ ಬರೆಯುತ್ತೇನೆ.

"ಬಾಯೆ, ಹೋಗಿ ಹೇಳು ನಿನ್ನ ಪಪ್ಪನಿಗೆ. ಬೇಕಾದ್ರೆ ತಿನ್ಲಿ, ಬೇಡಾದ್ರೆ ಬಿಡ್ಲಿ."

ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಆ ಮಾತಿನ ಮುಳ್ಳು ತೆಗೆಯುವುದು ನನ್ನ ಕೆಲಸ.

"ಪಪ್ಪ, ಮಮ್ಮಿ ಊಟಕ್ಕೆ ಕರೀತಾರೆ."

"ಹಸಿವಿಲ್ಲ ಅಂತ ಹೇಳು ಅವಳಿಗೆ."

ವಾಪಸು ಬಂದು, "ಐದು ನಿಮಿಷದಲ್ಲಿ ಬರ್ತಾರಂತೆ," ಎನ್ನುತ್ತಿದ್ದೆ. ಆಮೇಲೆ ಆ ಐದು ನಿಮಿಷ ಬಾತ್‌ರೂಮಿನಲ್ಲಿ ನಿಂತು, ಪಪ್ಪ ಹೇಗಾದರೂ ಎದ್ದು ಬರಲಿ ಎಂದು ಮಾತೆ ಮರಿಯಮ್ಮನನ್ನು ಬೇಡಿಕೊಳ್ಳುತ್ತಿದ್ದೆ. ಹೊಟ್ಟೆ ಯಾರನ್ನು ಬಿಟ್ಟಿದೆ? ಬರುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತಾರೆ. ನಮ್ಮಲ್ಲಿ ಉಂಡು ಮಲಗುವ ಹಾಗೆ ಮಾಡುವವಳು ನಾನಾಗಿದ್ದೆ. ನನ್ನ ಸುಳ್ಳುಗಳು ಐದು ನಿಮಿಷ ತಡವಾಗಿ ನಿಜವಾಗುತ್ತಿದ್ದುದರಿಂದ ಅವು ಸುಳ್ಳುಗಳೆಂದು ನನಗೆ ಅನಿಸಿರಲೇ ಇಲ್ಲ. ಶಾಲೆಯಿಂದ ಬಂದು ಬಾಗಿಲು ತೆರೆದ ಕೂಡಲೇ ನಾನು ಮೊದಲು ನೋಡುತ್ತಿದ್ದುದು ಮಮ್ಮಿಯ ಮುಖವನ್ನಲ್ಲ, ಒಲೆಯ ಮೇಲಿನ ಪಾತ್ರೆಯನ್ನು. ಮುಚ್ಚಳ ನೆಟ್ಟಗೆ ಕೂತಿದ್ದರೆ ಮನೆ ಸರಿಯಿದೆ ಎಂದರ್ಥ.

ಎಲ್ಲಕ್ಕಿಂತ ದೊಡ್ಡ ಮೌನ ಬಂದದ್ದು ನನ್ನಜ್ಜಿ, ಅಂದರೆ ಮಮ್ಮಿಯ ಅಮ್ಮ, ಊರಿನಲ್ಲಿ ತೀರಿಕೊಂಡಾಗ. ಪಪ್ಪ ಘಾಲಾದ ಒಂದು ಗ್ಯಾರೇಜಿನಲ್ಲಿ ಸ್ಟೋರ್‌ಕೀಪರ್. ಟೆಲಿಗ್ರಾಂ ಅಲ್ಲಿಗೇ ಬಂತು. ನಮ್ಮ ಪಾಸ್‌ಪೋರ್ಟುಗಳಿದ್ದದ್ದು ಅವರ ಕೆಲಸದ ಜವಾಬ್ದಾರನಾದ ಕಫೀಲನ ಕಪಾಟಿನಲ್ಲಿ, ಕಫೀಲ ಇದ್ದದ್ದು ಸಾವಿರ ಕಿಲೋಮೀಟರ್ ದೂರದ ಸಲಾಲಾದಲ್ಲಿ. ಹೇಗೂ ಹೋಗಲಾಗದವಳಿಗೆ ಹೇಳಿ ಏಕೆ ಬಾಗಿಲಿಗೆ ತಲೆ ಚಚ್ಚಿಕೊಳ್ಳುವ ಹಾಗೆ ಮಾಡುವುದು ಎಂದು ಪಪ್ಪ ಆ ಟೆಲಿಗ್ರಾಮನ್ನು ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡರು. ಮಮ್ಮಿಗೆ ಗೊತ್ತಾಗುವಾಗ ಮಣ್ಣು ಕೊಟ್ಟು ಮುಗಿದಿತ್ತು. ಅವರು ಒಂದು ಮಾತು ಬೈಯಲಿಲ್ಲ. ಸಂಜೆಯ ತೇರ್ಸಿಗೆ, ಅಂದರೆ ಜಪಮಾಲೆಗೆ, ನಾವು ಮೂವರೂ ಮೊಣಕಾಲೂರುತ್ತಿದ್ದೆವು. ಪ್ರತಿ ಜಪದ ಅರ್ಧವನ್ನು ಪಪ್ಪ ಹೇಳಿದರೆ ಉಳಿದರ್ಧವನ್ನು ಮಮ್ಮಿ ಗೋಡೆಗೆ ಹೇಳುತ್ತಿದ್ದರು. ಮೂರು ವಾರ ಹೀಗೇ ನಡೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಆಮೇಲೆ ಓದಿದಾಗ, ಇದನ್ನು ನಮ್ಮ ಪ್ಯಾಸೇಜಿನಲ್ಲಿ ನಿಂತೇ ಯಾರೋ ಮಾಡಿರಬೇಕು ಅನಿಸಿತು. ಕೊನೆಗೆ ಒಂದು ಸಂಜೆ, ಯಾರೂ ನನ್ನನ್ನು ಕಳಿಸದೆಯೇ, ನಾನು ಅಡುಗೆಮನೆಗೆ ಹೋದೆ.

"ಮಮ್ಮಿ, ಪಪ್ಪ ತಪ್ಪಾಯ್ತು ಅಂತ ಹೇಳಿದ್ರು. ಎದುರು ನಿಂತು ಹೇಳ್ಲಿಕ್ಕೆ ಅವರಿಗೆ ಆಗುದಿಲ್ಲಂತೆ."

ಮಮ್ಮಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ತುಂಬ ಹೊತ್ತು ಅತ್ತರು. ಅವತ್ತು ಪಪ್ಪನ ತಟ್ಟೆಗೆ ತಾವೇ ಬಡಿಸಿದರು. ಏಕೆಂದು ಪಪ್ಪನಿಗೆ ಗೊತ್ತಾಗಲಿಲ್ಲ, ಅವರು ಕೇಳಲೂ ಇಲ್ಲ. ಗೆದ್ದೆ ಅಂದುಕೊಂಡೆ. ನನಗೆ ಆಗ ಹನ್ನೊಂದು ವರ್ಷ.

ಸುನ್ ಆಂಟಿ ನಮ್ಮ ಮೇಲಿನ ಮಹಡಿಗೆ ಬಂದದ್ದು ಅದೇ ವರ್ಷ. ಚೀನಾದ ಉತ್ತರದ ಕಡೆಯವರು, ಗಂಡ ನೀರಿನ ಪೈಪಿನ ಯೋಜನೆಯೊಂದರಲ್ಲಿ ಎಂಜಿನಿಯರ್. ಆಂಟಿಗೆ ಕ್ಯಾಸೆಟ್ ಕೇಳಿ ಕಲಿತಷ್ಟು ಇಂಗ್ಲಿಷ್ ಇತ್ತು. ಏಳನೆಯ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಮ್ಮಿಗೆ ಅಷ್ಟೂ ಇರಲಿಲ್ಲ. ಒಂದು ಮುಂಜಾನೆ ಟೆರೇಸಿನಲ್ಲಿ ಬಟ್ಟೆ ಒಣಗಿಸಲು ಹೋದ ಮಮ್ಮಿ ಬಕೆಟ್ ಹಿಡಿದುಕೊಂಡೇ ನಿಂತುಬಿಟ್ಟರು. ನೀರಿನ ಟ್ಯಾಂಕಿನ ಆಚೆ ಸುನ್ ಆಂಟಿ ಸೊಂಟಕ್ಕೆ ಉದ್ದನೆಯ ಕೆಂಪು ರೇಷ್ಮೆಯ ನಡುಕಟ್ಟು ಬಿಗಿದು, ಅದರ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಹೆಜ್ಜೆ ಹಾಕುತ್ತಿದ್ದರು. ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮಮ್ಮಿ ಕೆಳಗೆ ಬಂದವರೇ ನನ್ನ ಜಡೆಯನ್ನು ಅರ್ಧಕ್ಕೇ ಬಿಟ್ಟು ಹೇಳಿದರು:

"ಈ ಸಲ ಕ್ರಿಸ್ಮಸ್ ಕೂಟಕ್ಕೆ ನಾವು ಅದನ್ನೇ ಮಾಡುವ. ಎಷ್ಟು ವರ್ಷ ಅಂತ ಅದೇ ಬೈಲಾ, ಅದೇ ಮೀನುಗಾರರ ಡ್ಯಾನ್ಸ್? ನೀನು ಹೋಗಿ ಕೇಳು ಬಾಯೆ, ಕಲಿಸ್ತಾರಾ ಅಂತ."

ಚಿಕ್ಕಂದಿನಲ್ಲಿ ಚರ್ಚಿನ ನಾಟಕದಲ್ಲಿ ಕುಣಿಯಲು ಹೊರಟ ಮಮ್ಮಿಯನ್ನು ಅವರ ಅಪ್ಪ ಸ್ಟೇಜಿನ ಮೆಟ್ಟಿಲಿನಿಂದ ಕೈಹಿಡಿದು ಇಳಿಸಿದ್ದರಂತೆ. ಮಸ್ಕತ್ತಿಗೆ ಬಂದ ಮೇಲೂ ನಮ್ಮೂರಿನವರ ಕೂಟದಲ್ಲಿ ಅವರ ಪಾಲಿಗೆ ಬಂದದ್ದು ಪ್ಯಾಟಿಸ್ ಕರಿಯುವ ಕೆಲಸ ಮಾತ್ರ. ಅಜ್ಜಿ ಹೋದ ಮೇಲೆ ಅವರು ಏನನ್ನಾದರೂ ಬೇಕು ಎಂದು ಕೇಳಿದ್ದು ಇದೇ ಮೊದಲು. ಇದೂ ಕೈತಪ್ಪಿದರೆ ಅವರು ಮತ್ತೆ ಗೋಡೆಯ ಜೊತೆ ಮಾತಾಡಲು ಶುರುಮಾಡುತ್ತಾರೆ ಎಂಬ ಹೆದರಿಕೆಯಲ್ಲಿ ನಾನು ಮೆಟ್ಟಿಲು ಹತ್ತಿದೆ. ಸುನ್ ಆಂಟಿ ಒಪ್ಪಿದರು. ಪ್ಯಾಸೇಜಿನ ಜೊತೆಗೆ ಈಗ ಮೆಟ್ಟಿಲೂ ನನ್ನದಾಯಿತು.

ಸುನ್ ಆಂಟಿಯ ಕುಣಿತ ನಿಜದಲ್ಲಿ ಸ್ಟೇಜಿನದಾಗಿರಲಿಲ್ಲ. ಅದನ್ನು ಯಾಂಗ್‌ಗೆ ಎನ್ನುತ್ತಾರಂತೆ. ಹೊಸವರ್ಷದ ಕೊರೆಯುವ ಚಳಿಯಲ್ಲಿ, ಹತ್ತಿ ತುಂಬಿದ ದಪ್ಪ ಅಂಗಿಯ ಮೇಲೆ ನಡುಕಟ್ಟು ಬಿಗಿದು, ಡೋಲಿನ ಹಿಂದೆ ಇಡೀ ಊರು ಬೀದಿಯುದ್ದಕ್ಕೂ ಕುಣಿಯುತ್ತಾ ಸಾಗುತ್ತಿತ್ತಂತೆ. ಮಮ್ಮಿ ಟೆರೇಸಿನಲ್ಲಿ ನನ್ನನ್ನೂ ಸೇರಿಸಿ ಕೂಟದವರ ಎಂಟು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಒಂದು ವಾರ ಇದನ್ನೇ ಮಾಡಿಸಿದರು. ಆಮೇಲೆ ತಲೆ ಕೆರೆದುಕೊಂಡರು.

"ಇದು ಮೆರವಣಿಗೆ ಆಯ್ತಲ್ಲ. ಸ್ಟೇಜಿನಲ್ಲಿ ಮೂರು ಹೆಜ್ಜೆ ಮುಂದೆ ಹೋದ್ರೆ ಕೆಳಗೆ ಬೀಳುದು. ಹಿಂದೆ ಕೂತವರಿಗೆ ಎಂತ ಕಾಣ್ತದೆ? ಮುಂದೆ ಹೋಗ್ಲಿಕ್ಕೆ ಆಗುದಿಲ್ಲ ಅಂದ್ರೆ ಮೇಲೆ ಹೋಗ್ಬೇಕು."

ಇದನ್ನು ನಾನು ಮೇಲಿನ ಮಹಡಿಗೆ ಮುಟ್ಟಿಸಿದಾಗ ಸುನ್ ಆಂಟಿ ಜೋರಾಗಿ ನಕ್ಕರು. ಅವರ ದೇಶದಲ್ಲೂ ಹಾಗೆಯೇ ಆದದ್ದಂತೆ. ಬೀದಿಯ ಕುಣಿತ ಪಟ್ಟಣದ ಸ್ಟೇಜು ಹತ್ತಿದ ಮೇಲೆ ಬಟ್ಟೆ ಉದ್ದವಾಯಿತು, ಆಮೇಲೆ ಸೊಂಟವನ್ನು ಬಿಟ್ಟು ಕೋಲಿನ ತುದಿಗೆ ಬಂತು. ಶಾಲೆಯಲ್ಲಿದ್ದಾಗ ಅಂಥ ತಂಡವೊಂದನ್ನು ನೋಡಿದ್ದ ಅವರು, ಮಣಿಕಟ್ಟು ತಿರುಗಿಸಿ ಗಾಳಿಯಲ್ಲಿ ಆಕಾರ ಬರೆಯುವುದನ್ನು ನೆನಪಿನಿಂದ ಒಂದೊಂದಾಗಿ ಹೆಕ್ಕಿ ಕೊಟ್ಟರು. ಚೀನೀ ಹೆಸರುಗಳು ಯಾರ ಬಾಯಿಗೂ ಹಿಡಿಯಲಿಲ್ಲವಾದ್ದರಿಂದ ಮಮ್ಮಿ ತಮ್ಮದೇ ಹೆಸರಿಟ್ಟರು. ಸುರುಳಿ ಸುತ್ತುವುದು ಚಕ್ಕುಲಿ. ಮೇಲಿಂದ ಕೆಳಕ್ಕೆ ಅಲೆಯಾಗಿ ಬರುವುದು ಬಾವಿಹಗ್ಗ. ತಲೆಯ ಮೇಲೆ ಅಗಲ ವೃತ್ತ ಬೀಸುವುದು ನೀರುದೋಸೆ. ಚಕ್ಕುಲಿ ಎಂದರೇನು ಎಂದು ಸುನ್ ಆಂಟಿ ಕೇಳಿದಾಗ, ವಿವರಿಸಲು ನನಗೆ ಇಂಗ್ಲಿಷ್ ಸಾಲದೆ, ಮಮ್ಮಿ ಡಬ್ಬಿಯಿಂದ ಎರಡು ತೆಗೆದು ಕೊಟ್ಟು ಕಳಿಸಿದರು. ಅಂದಿನಿಂದ ಆಂಟಿ ಚಕ್ಕುಲಿಯ ಸರದಿ ಬಂದಾಗಲೆಲ್ಲ ಕಟುಂ ಎಂದು ಕಡಿಯುವ ಹಾಗೆ ಹಲ್ಲು ಕೂಡಿಸಿ ತೋರಿಸುತ್ತಿದ್ದರು. ಕೋಲುಗಳನ್ನು ಘಾಲಾದ ಬ್ಯಾರಿ ಬಡಗಿ ಹಮೀದ್‌ಕಾಕ ಉರುಟಾಗಿ ಉಜ್ಜಿ ಕೊಟ್ಟರು. ಅವುಗಳನ್ನು ತಂದದ್ದು ಪಪ್ಪ. ಕೇಳದೆಯೇ ತಂದರು.

ಬಟ್ಟೆಯದ್ದೇ ತಲೆನೋವಾಯಿತು. ಮೊದಲು ತಂದ ಸ್ಯಾಟಿನ್ ಮೈಗೆ ಅಂಟಿಕೊಂಡು ಚಟಪಟ ಎನ್ನುತ್ತಿತ್ತು. ಕೈ ನಿಂತರೆ ಬಟ್ಟೆ ಸಾಯುತ್ತದೆ ಎಂದು ಸುನ್ ಆಂಟಿ ಹೇಳುತ್ತಿದ್ದರು. ಸ್ಯಾಟಿನ್ ಮಾತ್ರ ಕೈ ಆಡುತ್ತಿರುವಾಗಲೇ ಸತ್ತಿರುತ್ತಿತ್ತು. ಹಗುರ ರೇಷ್ಮೆ ಹುಡುಕಿ ಮತ್ರಾದ ಸೂಕಿನಲ್ಲಿ ಅಂಗಡಿ ಅಂಗಡಿ ಅಲೆದು, ಕೊನೆಗೆ ಒಂದು ಥಾನಿನ ಉಳಿಕೆ ಸಿಕ್ಕಿತು. ಏಳು ಹುಡುಗಿಯರಿಗೆ ಆಯಿತು. ಎಂಟನೆಯವಳು ನಾನು. ನಮ್ಮ ಅಳತೆಗೆಂದು ಸುನ್ ಆಂಟಿ ತಮ್ಮ ನಡುಕಟ್ಟನ್ನು ಕೆಳಗೆ ಕಳಿಸಿದ್ದರು. ಸರಿಯಾಗಿ ಮಧ್ಯಕ್ಕೆ ಎರಡು ಮಾಡಿದರೆ ಒಂದೊಂದು ಕೈಗೆ ಒಂದೊಂದು ಪಟ್ಟಿ. ಮಮ್ಮಿಯ ಕಣ್ಣು ಅದರ ಮೇಲೆ ಬಿತ್ತು.

"ಕೇಳಿ ಬಾ ಬಾಯೆ. ಕತ್ತರಿಸಬಹುದಾ ಅಂತ ಕೇಳು. ಅಂಚು ಚಂದ ಹೊಲಿದು ಕೊಡ್ತೇನೆ ಅಂತ ಹೇಳು."

ಸುನ್ ಆಂಟಿ ಹಿಟ್ಟು ನಾದುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಿದರು. ಅವರ ಮುರುಕು ಇಂಗ್ಲಿಷಿನ ಆ ಮಾತು ನನಗೆ ಇವತ್ತಿಗೂ ಪದ ಪದವಾಗಿ ನೆನಪಿದೆ:

"ಅಮ್ಮನಿಗೆ ಹೇಳು. ಕಟ್ಟಿಕೊಳ್ಳಲಿ, ಕುಣಿಯಲಿ, ಒಗೆಯಲಿ. ಕತ್ತರಿ ಮಾತ್ರ ಬೇಡ. ಅದು ನನ್ನ ಅಮ್ಮನದು. ಅಮ್ಮ ಈಗಿಲ್ಲ."

ಆಯಿತೆಂದು ತಲೆಯಾಡಿಸಿ ಇಳಿದೆ. ಹಾಗೆಯೇ ಹೇಳಬೇಕೆಂದೇ ಇಳಿದೆ, ದೇವರಾಣೆ. ಆದರೆ ಬಾಗಿಲು ತೆರೆದಾಗ ಹಾಲಿನಲ್ಲಿ ಕಂಡದ್ದು ಬೇರೆ. ನಡುಕಟ್ಟಿನ ಒಂದು ತುದಿಯನ್ನು ಮಮ್ಮಿ ಹಿಡಿದಿದ್ದರು, ಇನ್ನೊಂದನ್ನು ಪಪ್ಪ. ಮಧ್ಯ ಎಲ್ಲಿ ಬರುತ್ತದೆಂದು ಅಳೆಯಲು ಇಬ್ಬರೂ ಎದುರುಬದುರು ನಿಂತು ಅದನ್ನು ಎಳೆದು ಹಿಡಿದಿದ್ದರು. ಪಪ್ಪ ತಮಾಷೆಗೆ ಸ್ವಲ್ಪ ಜಗ್ಗಿದರು. ಮಮ್ಮಿ ನಕ್ಕು, "ಸುಮ್ಮನೆ ನಿಲ್ಲಿ ಮಾರಾಯ್ರೇ," ಎಂದರು. ನೇರವಾಗಿ ಅವರಿಗೇ ಎಂದರು. ನಡುವೆ ನಾನಿರಲಿಲ್ಲ.

"ಎಂತ ಹೇಳಿದ್ರು?"

"ಆಗ್ಬಹುದಂತೆ," ಎಂದೆ.

ಕತ್ತರಿ ರೇಷ್ಮೆಯಲ್ಲಿ ಸದ್ದೇ ಇಲ್ಲದೆ ಹೋಯಿತು. ಪಪ್ಪ ಹಿಡಿದಿದ್ದ ಅರ್ಧ ತೂಗಿ ನೆಲಕ್ಕೆ ಬಿತ್ತು. ಐದು ನಿಮಿಷ ತಡವಾಗಿ ನಿಜವಾಗುವ ಸುಳ್ಳಲ್ಲ ಇದು ಎಂದು ಆ ಕ್ಷಣವೇ ನನಗೆ ಗೊತ್ತಾಯಿತು.

ಅಲ್ಲಿಂದ ಕೂಟದ ದಿನದವರೆಗೆ ನಾನು ಬದುಕಿದ್ದು ಹೇಗೆಂದು ಕೇಳಬೇಡಿ. ಒಂದು ಸುಳ್ಳಿನ ಬೆನ್ನಿಗೆ ನೂರು ಸುಳ್ಳು ಎನ್ನುತ್ತಾರೆ. ನನಗೆ ನೂರು ಬೇಕಾಗಲಿಲ್ಲ, ಎರಡು ಸಾಕಾಯಿತು, ಆದರೆ ಅವುಗಳನ್ನು ದಿನಾ ಬೆಳಿಗ್ಗೆ ಎದ್ದು ಕಾಯಬೇಕಿತ್ತು. ಮಮ್ಮಿಗೆ, ಹಳೆಯ ರೇಷ್ಮೆ ಕೊಳೆಯಾಗದ ಹಾಗೆ ಕೂಟದ ದಿನವೇ ಹೊರಗೆ ತೆಗೆಯಬೇಕಂತೆ ಎಂದೆ. ಸುನ್ ಆಂಟಿಗೆ, ಮಮ್ಮಿ ಅದನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟಿದ್ದಾರೆ ಎಂದೆ. ಟೆರೇಸಿನಲ್ಲಿ ಸ್ಯಾಟಿನ್ ಹಿಡಿದು ಅಭ್ಯಾಸ ಮಾಡಿದೆ. ಆಂಟಿ ನನ್ನ ಕಡೆ ತಿರುಗಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಮಮ್ಮಿ ಹುಳದ ಔಷಧಿ ಕುಡಿಸಿದರು. ಹಬ್ಬದ ಮುಂಚಿನ ಪಾಪನಿವೇದನೆಯಲ್ಲಿ, "ಸುಳ್ಳು ಹೇಳಿದ್ದೇನೆ ಫಾದರ್," ಎಂದೆ. ಯಾವುದು, ಯಾರಿಗೆ ಎಂದು ಅವರು ಕೇಳಲಿಲ್ಲ. ಮೂರು ಸಲ ನಮೋ ಮರಿಯ ಜಪ ಮಾಡಲು ಹೇಳಿ ಕಳಿಸಿಬಿಟ್ಟರು. ಅಷ್ಟು ಅಗ್ಗದಲ್ಲಿ ಮುಗಿಯುವ ಪಾಪ ಅದಲ್ಲ ಎಂದು ನನಗೆ ಗೊತ್ತಿತ್ತು, ಆದ್ದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು. ಈ ನಡುವೆ ಮನೆಯಲ್ಲಿ ಮಾತ್ರ ಎಂದೂ ಇಲ್ಲದ ಗೆಲುವು. ಪಪ್ಪ ಕ್ಯಾಸೆಟ್ಟಿಗೆ ಡೋಲಿನ ಸಂಗೀತ ತುಂಬಿಸಿ ತಂದರು. ಒಲೆಯ ಮೇಲಿನ ಮುಚ್ಚಳ ದಿನಾ ನೆಟ್ಟಗಿತ್ತು. ಆ ಗೆಲುವಿನ ಅಡಿಯಲ್ಲಿ ಏನಿದೆಯೆಂದು ಗೊತ್ತಿದ್ದವಳು ನಾನೊಬ್ಬಳೇ.

ರೂವಿಯ ಒಂದು ಹಾಲಿನಲ್ಲಿ ಕೂಟ. ಎರಡನೆಯ ಸಾಲಿನಲ್ಲಿ ಸುನ್ ಆಂಟಿ ನೀಲಿ ಕೋಟು ತೊಟ್ಟು ನೆಟ್ಟಗೆ ಕೂತಿದ್ದರು. ಮೊದಲು ನಾವು ಎಂಟೂ ಜನ ಅವರ ಊರಿನ ಬೀದಿಯಲ್ಲಿ ಬರುವ ಹಾಗೆ, ಮೂರು ಮುಂದೆ ಒಂದು ಹಿಂದೆ ಹೆಜ್ಜೆಯಿಟ್ಟು ಬಂದೆವು. ಕೋಲಿಗೆ ಸುತ್ತಿದ್ದ ಪಟ್ಟಿಗಳನ್ನು ಸೊಂಟದ ಹತ್ತಿರವೇ ಹಿಡಿದುಕೊಂಡಿದ್ದೆವು. ಆಂಟಿ ತಾಳಕ್ಕೆ ತಲೆಯಾಡಿಸುತ್ತಿದ್ದುದು ಕಂಡಿತು. ಆಮೇಲೆ ಡೋಲು ಜೋರಾದಾಗ ಎಂಟು ಜೊತೆ ಪಟ್ಟಿಗಳು ಒಮ್ಮೆಲೇ ಮೇಲೆದ್ದವು. ಜನ ಹೋ ಎಂದರು. ನನ್ನ ರೇಷ್ಮೆ ಉಳಿದವರದ್ದಕ್ಕಿಂತ ಹಳೆಯದು, ಬಣ್ಣ ಒಂದು ತೂಕ ಗಾಢ, ಎಲ್ಲರದ್ದಕ್ಕಿಂತ ಹಗುರ. ಎಷ್ಟು ಹೆದರಿದ್ದರೂ ಅದು ಗಾಳಿಯಲ್ಲಿ ನಿಂತ ರೀತಿಗೆ ನನಗೇ ಆಶ್ಚರ್ಯವಾಯಿತು. ಬಾವಿಹಗ್ಗ ಆಯಿತು, ನೀರುದೋಸೆ ಆಯಿತು. ಚಕ್ಕುಲಿಯಲ್ಲಿ ನಾನು ಮುಂದೆ ಬರಬೇಕಿತ್ತು. ಬಂದೆ. ಸುನ್ ಆಂಟಿ ಹಲ್ಲು ಕೂಡಿಸಿ ತೋರಿಸಲಿಲ್ಲ. ಅವರು ನನ್ನ ಬಲಗೈ ನೋಡಿದರು, ಎಡಗೈ ನೋಡಿದರು, ಆಮೇಲೆ ನನ್ನ ಸೊಂಟ ನೋಡಿದರು. ತಾಳ ಹಾಕುತ್ತಿದ್ದ ಅವರ ಕೈಗಳು ಮಡಿಲಿನಲ್ಲಿ ನಿಂತುಹೋದವು.

ಚಪ್ಪಾಳೆ ಬಿತ್ತು. ನೃತ್ಯ ಸಂಯೋಜನೆ ಜೆಸಿಂತಾ ಎಂದು ಮಮ್ಮಿಯ ಹೆಸರನ್ನು ಮೈಕಿನಲ್ಲಿ ಎರಡು ಸಲ ಹೇಳಿದರು. ಪರದೆಯ ಹಿಂದೆ ಮಮ್ಮಿ ಹುಡುಗಿಯರನ್ನು ಒಬ್ಬೊಬ್ಬರಾಗಿ ಅಪ್ಪಿಕೊಳ್ಳುತ್ತಿದ್ದಾಗ ಸುನ್ ಆಂಟಿ ಬಂದರು. ನನ್ನ ಕೈಯಿಂದ ಎರಡೂ ಕೋಲುಗಳನ್ನು ತೆಗೆದುಕೊಂಡು, ಕತ್ತರಿಸಿದ ಅಂಚುಗಳ ಮೇಲೆ ಬೆರಳಾಡಿಸಿದರು. ಮಮ್ಮಿ ಹೆಮ್ಮೆಯಿಂದ ನನ್ನನ್ನು ತಿವಿದರು.

"ಎಂತ ಹೇಳ್ತಾರೆ? ಹೊಲಿಗೆ ಹೇಗುಂಟಂತೆ?"

ಸುನ್ ಆಂಟಿ ನನ್ನನ್ನೇ ನೋಡುತ್ತಾ, ದನಿ ಏರಿಸದೆ ಕೇಳಿದರು:

"ನಾನು ಹೇಳಿದ್ದನ್ನು ಅಮ್ಮನಿಗೆ ಹೇಳಿದ್ದೆಯಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಎರಡು ತುಂಡುಗಳನ್ನೂ ಸುತ್ತಿ ಕೋಟಿನೊಳಗೆ ಇಟ್ಟುಕೊಂಡು ಹೊರಟುಹೋದರು. ಮಮ್ಮಿ ನನ್ನ ಗದ್ದ ಹಿಡಿದೆತ್ತಿದರು. ಆ ಸುಳ್ಳನ್ನು ಇನ್ನು ಹೊತ್ತು ತಿರುಗಲು ನನ್ನಿಂದಾಗಲಿಲ್ಲ. ಕತ್ತರಿ ಬೇಡ ಎಂದದ್ದು, ಅದು ಅವರ ಅಮ್ಮನದೆಂದದ್ದು, ಅಮ್ಮ ಈಗಿಲ್ಲ ಎಂದದ್ದು, ಎಲ್ಲ ಹೇಳಿದೆ. ಅಮ್ಮ ಈಗಿಲ್ಲ ಎಂಬಲ್ಲಿಗೆ ಬಂದಾಗ ಮಮ್ಮಿ ಅಲ್ಲೇ ಇದ್ದ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಮರುದಿನ ಮಮ್ಮಿ ಸೂಜಿ ದಾರ ಇಡುವ ಹಾಲಿನಪುಡಿಯ ಡಬ್ಬಿ ತೆಗೆದುಕೊಂಡು ಮೇಲೆ ಹೊರಟರು. ನಾನು ಚಪ್ಪಲಿ ಹಾಕಿಕೊಂಡೆ.

"ನೀನು ಬೇಡ."

"ಮಾತಾಡುದು ಹೇಗೆ ಮಮ್ಮಿ?"

"ಹೇಗೋ ಆಗ್ತದೆ. ನೀನು ಬೇಡ."

ನಾನು ಮೆಟ್ಟಿಲಿನ ಮೇಲೆ ಕೂತೆ. ಬಾಗಿಲು ತೆರೆದ ಸದ್ದಾಯಿತು, ಮುಚ್ಚಿದ ಸದ್ದೂ ಆಯಿತು. ಮಮ್ಮಿ ಒಳಗೇ ಇದ್ದರು ಎಂಬಷ್ಟೇ ಸಮಾಧಾನ. ಎರಡು ಗಂಟೆ ಕಿವಿಗೊಟ್ಟರೂ ಒಂದು ಮಾತು ಕೇಳಿಸಲಿಲ್ಲ. ಒಮ್ಮೆ ಯಾರೋ ಮೂಗೆಳೆದುಕೊಂಡರು. ಯಾರೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಮುಂದೆ ಆಸ್ಪತ್ರೆಯಲ್ಲಿ ಡಾಕ್ಟರರ ಮಾತನ್ನು ರೋಗಿಗಳಿಗೆ ಅವರವರ ಭಾಷೆಯಲ್ಲಿ ಹೇಳುವ ಕೆಲಸವನ್ನು ನಾನು ಮೂವತ್ತು ವರ್ಷ ಮಾಡಿದೆ. ಒಂದು ಪದ ಬಿಡದೆ, ಒಂದು ಪದ ಸೇರಿಸದೆ ಹೇಳುತ್ತೇನೆಂದು ನನಗೆ ಹೆಸರಿತ್ತು. ಕೆಲವರಿಗೆ ನಾನು ಕಲ್ಲಿನಂಥವಳು ಅನಿಸಿರಬಹುದು. ಅವರು ಆ ಮೆಟ್ಟಿಲಿನ ಮೇಲೆ ಕೂತವರಲ್ಲ.

ಮಮ್ಮಿ ಇಳಿದು ಬಂದಾಗ ಅವರ ತೋರುಬೆರಳಿನಲ್ಲಿ ಸೂಜಿ ಚುಚ್ಚಿದ ಗುರುತಿತ್ತು. ನಡುಕಟ್ಟು ಮತ್ತೆ ಒಂದಾಗಿದೆ ಎಂದು ಅದರಿಂದಲೇ ತಿಳಿದುಕೊಂಡೆ. ಅದನ್ನು ಕಟ್ಟಿದರೆ ಹೊಲಿಗೆ ಬೆನ್ನಿಗೆ ಬರುತ್ತದೆ, ಮುಂದಿನಿಂದ ನೋಡುವವರಿಗೆ ಕಾಣಿಸದು. ಮೇಲೆ ಏನಾಯಿತೆಂದು ಮಮ್ಮಿ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಮೀನಿನ ಸಾರಿಗೆ ಹುಳಿ ಹಿಂಡಿದರು. ಪಾತ್ರೆಯ ಕಡೆಗೇ ನೋಡುತ್ತಾ ಕೇಳಿದರು:

"ನನ್ನ ಅಮ್ಮ ಹೋದಾಗ ಪಪ್ಪ ತಪ್ಪಾಯ್ತು ಅಂತ ಹೇಳಿದ್ದು. ಅದು ಪಪ್ಪನೇ ಹೇಳಿದ್ದಾ?"

ಹಿಂದಿನ ದಿನವಷ್ಟೇ ಅಷ್ಟು ಅತ್ತವಳು, ಇನ್ನೆಂದೂ ಸುಳ್ಳು ಹೇಳುವುದಿಲ್ಲ ಎಂದು ಆಣೆ ಮಾಡಿದವಳು ನಾನು.

"ಹೇಳಿದ್ರು," ಎಂದೆ.

ಮಮ್ಮಿ ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಂಡು, ನನ್ನ ಪಕ್ಕದಿಂದಲೇ ಪ್ಯಾಸೇಜಿನಲ್ಲಿ ನಡೆದು ಹಾಲಿಗೆ ಹೋದರು. ನಾನು ಅಡುಗೆಮನೆಯ ಬಾಗಿಲಿನಲ್ಲೇ ಉಳಿದೆ.

"ಅಮ್ಮ ಹೋದಾಗ ನೀವು ತಪ್ಪಾಯ್ತು ಅಂತ ಹೇಳಿದ್ರಾ?"

ಪಪ್ಪ ಪೇಪರು ಕೆಳಗಿಟ್ಟರು. ಮಮ್ಮಿಯ ಹೆಗಲಿನ ಆಚೆಯಿಂದ ನನ್ನನ್ನು ನೋಡಿದರು. ಎಲ್ಲ ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಇಲ್ಲ," ಎಂದರು. ಆಮೇಲೆ ಮಮ್ಮಿಯ ಮುಖ ನೋಡಿ, "ಹೇಳ್ಬೇಕಿತ್ತು," ಎಂದರು.

ಮಮ್ಮಿ ನಿಂತೇ ಇದ್ದರು. ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ಈ ಸಲದ ಮೌನ ಎಷ್ಟು ವಾರದ್ದಾದೀತೆಂದು ಎಣಿಸುತ್ತಿದ್ದೆ.

"ಊಟಕ್ಕೆ ಬನ್ನಿ," ಎಂದರು ಮಮ್ಮಿ, ಪಪ್ಪನಿಗೆ. "ಸಾರು ಆರ್ತದೆ."